ಪಾರ್ಲಿಮೆಂಟೇ ಎಲ್ಲಕ್ಕಿಂತ ದೊಡ್ಡದು ಅಂದಮೇಲೆ 2019ರಲ್ಲಿ ಬ್ರಿಟನ್ ಕೋರ್ಟು ಅದಕ್ಕೆ ಹೇಗೆ ಅಡ್ಡ ಬಂತು?

ಧಾರವಾಡ_ಪೇಡಾ:

ಎಲ್ಲರಿಗೂ ನಮಸ್ಕಾರ. ನಾನು ಎಲ್‌ಎಲ್‌ಬಿ ಎರಡನೇ ವರ್ಷದಲ್ಲಿದ್ದೇನೆ. ಮೊನ್ನೆ ಇಂಟರ್ನಲ್ಸ್‌ನಲ್ಲಿ ಬ್ರಿಟನ್ ಸಂವಿಧಾನದ ಮೇಲೆ ಹತ್ತು ಅಂಕದ ಪ್ರಶ್ನೆ ಬಂದಿತ್ತು. ಪಾರ್ಲಿಮೆಂಟಿನ ಪರಮಾಧಿಕಾರ, ಕಾನೂನಿನ ಆಳ್ವಿಕೆ (ಸರ್ಕಾರವೂ ಕಾನೂನಿನ ಕೆಳಗೇ ಅನ್ನುವುದು), ಅಧಿಕಾರ ವಿಭಜನೆ (ಸದನ, ಸರ್ಕಾರ, ಕೋರ್ಟು ಬೇರೆ ಬೇರೆ ಇರಬೇಕು ಅನ್ನುವುದು), ಈ ಮೂರೂ ಅಲ್ಲಿ ಒಂದೇ ಮನೆಯಲ್ಲಿ ಹೇಗೆ ಸಂಸಾರ ಮಾಡುತ್ತವೆ ಅನ್ನುವ ಥರದ ಪ್ರಶ್ನೆ.

ಮೊದಲು ಬ್ರಿಟನ್ನಿನ ಕಾನೂನು ಪಂಡಿತ ಡೈಸಿ ಹೇಳಿದ್ದನ್ನು ಬರೆದೆ. 1885ರ ಪುಸ್ತಕ. ಪಾರ್ಲಿಮೆಂಟು ಯಾವ ಕಾನೂನನ್ನು ಬೇಕಾದರೂ ಮಾಡಬಹುದು, ಯಾವುದನ್ನು ಬೇಕಾದರೂ ತೆಗೆದುಹಾಕಬಹುದು, ಅದು ಮಾಡಿದ್ದನ್ನು ಯಾವ ಕೋರ್ಟೂ ತಳ್ಳಿಹಾಕುವಂತಿಲ್ಲ. ಆಮೇಲೆ ಜೋಶ್‌ನಲ್ಲಿ ಒಂದು ಸಾಲು ಸೇರಿಸಿದೆ: 2019ರಲ್ಲಿ ಸುಪ್ರೀಂ ಕೋರ್ಟು ಪಾರ್ಲಿಮೆಂಟನ್ನು ಮುಂದೂಡುವ ತೀರ್ಮಾನವನ್ನೇ ರದ್ದು ಮಾಡಿತು, ಹಾಗಾಗಿ ಈ ಪರಮಾಧಿಕಾರ ಈಗ ಬರೀ ಪುಸ್ತಕದ ಬದನೆಕಾಯಿ. ಸರ್ ಅದರ ಕೆಳಗೆ ಕೆಂಪು ಗೆರೆ ಎಳೆದು ಪಕ್ಕದಲ್ಲಿ ಎರಡೇ ಪದ ಬರೆದಿದ್ದಾರೆ. "ಯಾರ ತೀರ್ಮಾನ?" ಅಷ್ಟೇ. ಹತ್ತಕ್ಕೆ ನಾಲ್ಕು.

ಹೋಗಿ ಕೇಳೋಣ ಅಂದ್ರೆ ಅವರು ಮಾತಿಗೆ ಸಿಗುವವರಲ್ಲ. ನನಗೆ ನಿಜವಾಗಿ ಅರ್ಥವಾಗದ್ದು ಇದು. ಪಾರ್ಲಿಮೆಂಟು ಏನು ಬೇಕಾದರೂ ಮಾಡಬಹುದಾದರೆ ಕಾನೂನಿನ ಆಳ್ವಿಕೆ ಎಲ್ಲಿ ಉಳಿಯಿತು? ನಾಳೆ ಬೆಳಿಗ್ಗೆ ಕಾನೂನನ್ನೇ ಬದಲಿಸಿಬಿಟ್ಟರೆ? ಇನ್ನು ಅಧಿಕಾರ ವಿಭಜನೆ ಅಂತೂ ತಮಾಷೆ. ಮಂತ್ರಿಗಳೆಲ್ಲ ಪಾರ್ಲಿಮೆಂಟಿನ ಒಳಗೇ ಕೂತಿರುತ್ತಾರೆ ಅಲ್ವಾ? ಯಾರಾದರೂ ಸ್ವಲ್ಪ ಬಿಡಿಸಿ ಹೇಳಿ. ನೋಟ್ಸ್ ಬೇಡ, ನೋಟ್ಸ್ ಇದೆ.

ಕರಿಕೋಟು:

ನಿಮ್ಮ ಸರ್ ಸರಿಯಾದ ಜಾಗಕ್ಕೇ ಬೆರಳಿಟ್ಟಿದ್ದಾರೆ. ಅಂಕ ಕಡಿಮೆ ಕೊಟ್ಟರು ಅನ್ನುವುದು ಬೇರೆ ಮಾತು.

2019ರಲ್ಲಿ ಆದದ್ದನ್ನು ದಿನಾಂಕದ ಸಮೇತ ನೋಡಿ. ಅಕ್ಟೋಬರ್ 31ಕ್ಕೆ ಬ್ರಿಟನ್ ಯುರೋಪಿಯನ್ ಒಕ್ಕೂಟದಿಂದ ಹೊರಬರಬೇಕಿತ್ತು. ಆಗಸ್ಟ್ 28ರಂದು ಪ್ರಧಾನಿ ಬೋರಿಸ್ ಜಾನ್ಸನ್ ರಾಣಿಗೆ ಸಲಹೆ ಕೊಟ್ಟು, ಸೆಪ್ಟೆಂಬರ್ ಎರಡನೇ ವಾರದಿಂದ ಅಕ್ಟೋಬರ್ 14ರವರೆಗೆ ಪಾರ್ಲಿಮೆಂಟಿಗೆ ಬೀಗ ಹಾಕಿಸಿದರು. ಇದಕ್ಕೆ ಪಾರ್ಲಿಮೆಂಟು ಮತ ಹಾಕಿತ್ತಾ? ಇಲ್ಲ. ಯಾವ ಮಸೂದೆಯೂ ಇರಲಿಲ್ಲ, ಚರ್ಚೆಯೂ ಆಗಲಿಲ್ಲ. ಇದು ರಾಜರ ಕಾಲದಿಂದ ಉಳಿದುಕೊಂಡು ಬಂದ ವಿಶೇಷಾಧಿಕಾರ. ಹೆಸರು ರಾಣಿಯದು, ಕೈ ಪ್ರಧಾನಿಯದು. ಹೊಸ ಅಧಿವೇಶನದ ತಯಾರಿಗೆ ಸಾಮಾನ್ಯವಾಗಿ ನಾಲ್ಕರಿಂದ ಆರು ದಿನ ಸಾಕು ಅಂತ ಕೋರ್ಟಿನ ಮುಂದೆ ಸಾಕ್ಷ್ಯ ಇತ್ತು. ಇವರು ತೆಗೆದುಕೊಂಡದ್ದು ಐದು ವಾರ. ಅದೂ ದೇಶ ಅಷ್ಟು ದೊಡ್ಡ ಬದಲಾವಣೆಯ ಬಾಗಿಲಲ್ಲಿ ನಿಂತಿದ್ದಾಗ. ಇದಕ್ಕೆ ಸರಿಯಾದ ಕಾರಣವನ್ನೇ ಸರ್ಕಾರ ಕೊಡಲಿಲ್ಲ ಅಂತ ಸೆಪ್ಟೆಂಬರ್ 24ರಂದು 11 ನ್ಯಾಯಾಧೀಶರೂ ಒಮ್ಮತದಿಂದ ಹೇಳಿದರು. ಮುಂದೂಡಿಕೆ ಕಾನೂನಿಗೆ ವಿರುದ್ಧ, ಹಾಗಾಗಿ ಅದು ಆಗಿಯೇ ಇಲ್ಲ ಅಂತ ತೀರ್ಪು. ಆ ಆದೇಶ ಹಿಡಿದು ಪಾರ್ಲಿಮೆಂಟಿಗೆ ಬಂದವರು ಖಾಲಿ ಹಾಳೆ ಹಿಡಿದು ಬಂದಂತೆ ಅನ್ನುವ ಮಾತು ತೀರ್ಪಿನಲ್ಲೇ ಇದೆ. ಮರುದಿನವೇ ಸದನ ಸೇರಿತು.

ಅಂದರೆ ಕೋರ್ಟು ಪಾರ್ಲಿಮೆಂಟಿಗೆ ಅಡ್ಡ ಬರಲಿಲ್ಲ. ಪಾರ್ಲಿಮೆಂಟಿನ ಬಾಗಿಲಿಗೆ ಸರ್ಕಾರ ಹಾಕಿದ್ದ ಬೀಗ ತೆಗೆಯಿತು. ಕಾನೂನು ಮಾಡುವ ಹಕ್ಕು ಪಾರ್ಲಿಮೆಂಟಿನದು ಅನ್ನುವುದಾದರೆ, ಸರ್ಕಾರ ಅದನ್ನು ಬೇಕೆಂದಾಗ ಮನೆಗೆ ಕಳಿಸುವಂತಿದ್ದರೆ ಆ ಹಕ್ಕಿಗೆ ಬೆಲೆ ಏನು? ಕೋರ್ಟಿನ ವಾದದ ಒಂದು ಮುಖ್ಯ ಕಂಬವೇ ಇದು. ನೀವು ಪರಮಾಧಿಕಾರ ಸತ್ತಿತು ಅನ್ನುವುದಕ್ಕೆ ಕೊಟ್ಟ ಉದಾಹರಣೆ, ಪರಮಾಧಿಕಾರವನ್ನು ಎತ್ತಿ ಹಿಡಿದ ಕೇಸು.

ಈ ತಪ್ಪು ನಿಮ್ಮೊಬ್ಬರದಲ್ಲ. ನಮ್ಮ ಮಾತೇ ಹಾಗಿದೆ. "ಸರ್ಕಾರ ಹೊಸ ಕಾನೂನು ತಂದಿತು" ಅಂತ ಪೇಪರಿನಲ್ಲಿ ದಿನಾ ಓದುತ್ತೇವೆ. ಸರ್ಕಾರ ಮಸೂದೆ ತರುತ್ತದೆ, ಕಾನೂನು ಮಾಡುವುದು ಸದನ. ದಿನದ ಮಾತಿನಲ್ಲಿ ಎರಡನ್ನೂ ಬೆರೆಸಿದರೆ ಯಾರಿಗೂ ನಷ್ಟ ಇಲ್ಲ. ಬ್ರಿಟನ್ ಸಂವಿಧಾನ ಓದುವಾಗ ಬೆರೆಸಿದರೆ ಪೂರ್ತಿ ದಾರಿ ತಪ್ಪುತ್ತದೆ.

ಸರ್ಕಾರಕ್ಕೆ ಕೋರ್ಟು ಕಡಿವಾಣ ಹಾಕುವುದು ಅಲ್ಲಿ ಹೊಸದೇನೂ ಅಲ್ಲ. 1610ರಲ್ಲಿ ಮೊದಲನೇ ಜೇಮ್ಸ್ ರಾಜ ಬರೀ ಘೋಷಣೆ ಹೊರಡಿಸಿ ಹೊಸ ಅಪರಾಧ ಸೃಷ್ಟಿಸಬಹುದಾ ಅನ್ನುವ ಪ್ರಶ್ನೆ ಬಂದಾಗ, ನ್ಯಾಯಾಧೀಶ ಎಡ್ವರ್ಡ್ ಕೋಕ್ ಮತ್ತು ಜೊತೆಯವರು ಆಗಲ್ಲ ಅಂದರು. ನೆಲದ ಕಾನೂನು ಕೊಟ್ಟಷ್ಟೇ ಅಧಿಕಾರ ರಾಜನಿಗೆ. 2019ರ ತೀರ್ಪಿನಲ್ಲಿ ಆ ಕೇಸಿನ ಹೆಸರಿದೆ. ನಾನೂರು ವರ್ಷ ಹಳೆಯ ಕೇಸು ಇನ್ನೂ ದುಡಿಯುತ್ತಿದೆ ನೋಡಿ, ನಾವು ಹೋದ ವರ್ಷದ ಫೈಲ್ ಹುಡುಕಕ್ಕೆ ಒದ್ದಾಡುತ್ತೇವೆ.

ನಮ್ಮವರಿಗೆ ಇದು ಪೂರ್ತಿ ಹೊಸ ರುಚಿಯೂ ಅಲ್ಲ. ಬೊಮ್ಮಾಯಿ ಕೇಸು ನೆನಪಿಸಿಕೊಳ್ಳಿ. 1989ರಲ್ಲಿ ಎಸ್.ಆರ್. ಬೊಮ್ಮಾಯಿ ಅವರಿಗೆ ಸದನದಲ್ಲಿ ಬಹುಮತ ತೋರಿಸಲು ಬಿಡದೆ ಸರ್ಕಾರ ಕಿತ್ತರು. ತಲೆ ಎಣಿಸುವ ಜಾಗ ಸದನ, ರಾಜಭವನ ಅಲ್ಲ ಅಂತ 1994ರಲ್ಲಿ ನಮ್ಮ ಸುಪ್ರೀಂ ಕೋರ್ಟು ಹೇಳಿತು. ದಾರಿ ಬೇರೆ, ಆದರೆ ಸದನದ ಕೆಲಸ ಸದನದಲ್ಲೇ ಆಗಲಿ ಅನ್ನುವ ಧಾಟಿ ಒಂದೇ.

ಥೇಮ್ಸ್_ದಂಡೆ:

ಕರಿಕೋಟು ಹೇಳಿದ್ದು ಸರಿ. ಒಂದು ಬಾಲಂಗೋಚಿ ಸೇರಿಸುತ್ತೇನೆ. ಆ ತೀರ್ಪು ಬಂದ ಎರಡೇ ವಾರಕ್ಕೆ, ಅಕ್ಟೋಬರ್ 8ಕ್ಕೆ, ಜಾನ್ಸನ್ ಮತ್ತೆ ಪಾರ್ಲಿಮೆಂಟು ಮುಂದೂಡಿಸಿದರು. 14ಕ್ಕೆ ಹೊಸ ಅಧಿವೇಶನ ಶುರುವಾಯಿತು. ಈ ಸಲ ಕೆಲವೇ ದಿನ, ಕಾರಣವೂ ಇತ್ತು, ಗಲಾಟೆ ಇಲ್ಲ. ಮುಂದೂಡುವುದೇ ತಪ್ಪು ಅಂತ ಕೋರ್ಟು ಹೇಳಿರಲೇ ಇಲ್ಲ.

ನಾನು ಇಲ್ಲಿಗೆ ಬಂದು ಹನ್ನೊಂದು ವರ್ಷ. ಐಟಿಯವನು, ಲಾ ಓದಿಲ್ಲ, ತಪ್ಪಿದ್ದರೆ ವಕೀಲರು ತಿದ್ದಲಿ. ಕೈಯಲ್ಲಿ ಭಾರತದ ಪಾಸ್‌ಪೋರ್ಟೇ ಇದೆ, ಆದರೂ ಇಲ್ಲಿನ ಪಾರ್ಲಿಮೆಂಟ್ ಚುನಾವಣೆಯಲ್ಲಿ ವೋಟು ಹಾಕುತ್ತೇನೆ. ಕಾಮನ್‌ವೆಲ್ತ್ ದೇಶದವರು ಇಲ್ಲಿ ನೆಲೆಸಿದ್ದರೆ ಆ ಹಕ್ಕು ಇದೆ. ಊರಿನಲ್ಲಿ ಹೇಳಿದರೆ ಯಾರೂ ನಂಬಲ್ಲ.

ಅಧಿಕಾರ ವಿಭಜನೆ ತಮಾಷೆ ಅಂದಿರಲ್ಲ, ಅದನ್ನು ಕಣ್ಣಿಂದ ನೋಡಬೇಕಾದರೆ ಪಾರ್ಲಿಮೆಂಟ್ ಸ್ಕ್ವೇರ್‌ಗೆ ಬರಬೇಕು. ಊರಿಂದ ಯಾರಾದರೂ ಬಂದಾಗ ಮೊದಲು ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿರುವ ಬಸವಣ್ಣನವರ ಪ್ರತಿಮೆ ತೋರಿಸಿ, ಅಲ್ಲಿಂದ ನದಿ ದಾಟಿಸಿ ಕರೆದುಕೊಂಡು ಹೋಗುತ್ತೇನೆ. ಸ್ಕ್ವೇರ್‌ನ ಪೂರ್ವಕ್ಕೆ ಪಾರ್ಲಿಮೆಂಟು. ಉತ್ತರಕ್ಕೆ ಹಣಕಾಸು ಇಲಾಖೆಯ ದೊಡ್ಡ ಕಟ್ಟಡ, ಅಂದರೆ ಸರ್ಕಾರ. ದಕ್ಷಿಣಕ್ಕೆ ವೆಸ್ಟ್‌ಮಿನ್‌ಸ್ಟರ್ ಅಬ್ಬೆ. ಪಶ್ಚಿಮಕ್ಕೆ, ಗಾಂಧಿ ಪ್ರತಿಮೆಯ ಹಿಂದೆ, ಸುಪ್ರೀಂ ಕೋರ್ಟು. ಯಾರೋ ಪಾಠ ಮಾಡಕ್ಕೆ ಅಂತಲೇ ಜೋಡಿಸಿಟ್ಟಂತಿದೆ. ಆದರೆ ಆ ಪಶ್ಚಿಮದ ಕೋರ್ಟು ಅಲ್ಲಿಗೆ ಬಂದದ್ದು 2009ರ ಅಕ್ಟೋಬರ್‌ನಲ್ಲಿ! ಅಲ್ಲಿಯವರೆಗೆ ದೇಶದ ಅತಿ ದೊಡ್ಡ ಕೋರ್ಟು ಪಾರ್ಲಿಮೆಂಟಿನ ಮೇಲ್ಮನೆಯ ಒಳಗೇ ಇತ್ತು. ಲಾ ಲಾರ್ಡ್‌ಗಳು ಅಂತ ಕರೆಯುತ್ತಿದ್ದರು. ಅವರೂ ಮೇಲ್ಮನೆಯ ಸದಸ್ಯರೇ, ಅಲ್ಲಿನದೇ ಒಂದು ಕಮಿಟಿ ರೂಮಿನಲ್ಲಿ ಮೇಲ್ಮನವಿ ಕೇಳುತ್ತಿದ್ದರು.

ಅದಕ್ಕಿಂತ ಮಜಾ ಲಾರ್ಡ್ ಚಾನ್ಸಲರ್ ಹುದ್ದೆಯದು. ಒಬ್ಬನೇ ಮನುಷ್ಯ ಸಂಪುಟದ ಮಂತ್ರಿ, ಮೇಲ್ಮನೆಯ ಅಧ್ಯಕ್ಷ, ಮೇಲೆ ಇಡೀ ನ್ಯಾಯಾಂಗದ ಮುಖ್ಯಸ್ಥ. ಮೂರೂ ಅಂಗ ಒಂದೇ ನಿಲುವಂಗಿಯೊಳಗೆ. 2005ರ ಕಾಯ್ದೆ ಬಂದು ಇದನ್ನು ಬಿಡಿಸಿತು. ಸಂವಿಧಾನ ಸುಧಾರಣಾ ಕಾಯ್ದೆ ಅಂತ. ಕಾನೂನಿನ ಆಳ್ವಿಕೆ ಅನ್ನುವ ತತ್ವಕ್ಕೆ ಈ ಕಾಯ್ದೆಯಿಂದ ಧಕ್ಕೆ ಇಲ್ಲ ಅಂತ ಅದರ ಮೊದಲ ಸೆಕ್ಷನ್ನೇ ಹೇಳುತ್ತದೆ. ಆ ತತ್ವ ಅಂದರೇನು ಅಂತ ಮಾತ್ರ ಎಲ್ಲೂ ಬರೆದಿಲ್ಲ. ಇಲ್ಲಿನವರ ಸ್ವಭಾವವೇ ಅದು.

ಹಾಗಾಗಿ ನನ್ನ ಲೆಕ್ಕದಲ್ಲಿ ಕೋರ್ಟು ಬೇರೆ ಅನ್ನುವುದು ಈಗ ನಿಜ. ಸರ್ಕಾರ ಮತ್ತು ಪಾರ್ಲಿಮೆಂಟು ಬೇರೆ ಅನ್ನುವುದು ಅರ್ಧ ನಿಜ.

ಒಗ್ಗರಣೆ:

ಅರ್ಧ ಕೂಡ ಇಲ್ಲ ಸ್ವಾಮಿ. ನೀವಿಬ್ಬರೂ ಸರ್ಕಾರ ಬೇರೆ, ಪಾರ್ಲಿಮೆಂಟು ಬೇರೆ ಅಂತ ಪೂಜೆ ಮಾಡುತ್ತಿದ್ದೀರಿ. ಪುಸ್ತಕದಲ್ಲಿ ಬೇರೆ ಇರಬಹುದು.

2024ರ ಚುನಾವಣೆ ನೋಡಿ. ಲೇಬರ್ ಪಕ್ಷಕ್ಕೆ ಬಿದ್ದ ವೋಟು ನೂರಕ್ಕೆ 34ರಷ್ಟೂ ಇಲ್ಲ. ಸೀಟು 650ರಲ್ಲಿ 411. ನೂರಕ್ಕೆ 66 ಜನ ಬೇಡ ಅಂದ ಪಕ್ಷ ಈಗ ಆ "ಪರಮಾಧಿಕಾರದ ಪಾರ್ಲಿಮೆಂಟನ್ನು" ಜೇಬಿನಲ್ಲಿಟ್ಟುಕೊಂಡಿದೆ. ಹಿಂದೆ ಕನ್ಸರ್ವೇಟಿವ್‌ಗಳೂ ಇದನ್ನೇ ಮಾಡಿದ್ದು, ಒಬ್ಬರನ್ನೇ ಬೈಯುತ್ತಿಲ್ಲ. ಕೆಳಮನೆಯಲ್ಲಿ 95 ಜನರ ತನಕ ಮಂತ್ರಿಗಳಿರಬಹುದು ಅಂತ ಅವರ ಕಾನೂನೇ ಹೇಳುತ್ತದೆ. ಅವರು ಸರ್ಕಾರದ ವಿರುದ್ಧ ಕೈ ಎತ್ತುತ್ತಾರಾ? ಅವರ ಹಿಂದೆ ನಾಳೆ ಮಂತ್ರಿಯಾಗುವ ಆಸೆಯವರು ಇನ್ನೆಷ್ಟು ಜನ!

ಇದು ನನ್ನ ಮಾತಲ್ಲ. 1976ರಲ್ಲೇ ಕನ್ಸರ್ವೇಟಿವ್ ನಾಯಕ ಲಾರ್ಡ್ ಹೇಲ್‌ಶಾಮ್ ಟಿವಿ ಭಾಷಣದಲ್ಲಿ ಇದನ್ನು ಚುನಾಯಿತ ಸರ್ವಾಧಿಕಾರ ಅಂತ ಕರೆದರು. ಆಗ ಅವರ ಪಕ್ಷ ವಿರೋಧದಲ್ಲಿತ್ತು. ಮೂರು ವರ್ಷಕ್ಕೆ ಥ್ಯಾಚರ್ ಗೆದ್ದರು, ಹೇಲ್‌ಶಾಮ್ ಲಾರ್ಡ್ ಚಾನ್ಸಲರ್ ಆದರು. ಆಮೇಲೆ ಆ ಸರ್ವಾಧಿಕಾರದ ಚಿಂತೆ ಎಲ್ಲಿ ಹೋಯಿತೋ ಗೊತ್ತಿಲ್ಲ 😄

ಇನ್ನು ಕಾನೂನಿನ ಆಳ್ವಿಕೆ. ಬರ್ಮಾ ಆಯಿಲ್ ಕೇಸು ಓದಿ. 1942ರಲ್ಲಿ ಜಪಾನಿನ ಸೈನ್ಯ ರಂಗೂನಿನ ಹತ್ತಿರ ಬಂದಾಗ, ಅವರ ಕೈಗೆ ಸಿಗಬಾರದು ಅಂತ ಬ್ರಿಟಿಷರೇ ಕಂಪನಿಯ ಎಣ್ಣೆ ಸ್ಥಾವರಗಳನ್ನು ನಾಶ ಮಾಡಿದರು. ಪರಿಹಾರ ಕೊಡಿ ಅಂತ ಕಂಪನಿ ಕೋರ್ಟಿಗೆ ಹೋಯಿತು. ಇಪ್ಪತ್ತು ವರ್ಷದ ಮೇಲೆ ಅತಿ ದೊಡ್ಡ ಕೋರ್ಟಿನಲ್ಲಿ 3-2ರಲ್ಲಿ ಗೆದ್ದಿತು. ಪಾರ್ಲಿಮೆಂಟು ಏನು ಮಾಡಿತು? 1965ರಲ್ಲಿ ಕಾಯ್ದೆ ತಂದು ಅಂಥ ಪರಿಹಾರದ ಹಕ್ಕನ್ನೇ ಹಿಂದಿನ ತಾರೀಖಿನಿಂದ ಅಳಿಸಿಹಾಕಿತು. ಆಟ ಮುಗಿದು, ಸೋತ ಮೇಲೆ ಆಟದ ನಿಯಮ ಬದಲಿಸಿದಂತೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಇನ್ಯಾರಿಗೆ ಹೇಳೋಣ? ಯಾವ ಕೋರ್ಟೂ ತುಟಿ ಬಿಚ್ಚುವಂತಿರಲಿಲ್ಲ. ಇದಕ್ಕೆ ಕಾನೂನಿನ ಆಳ್ವಿಕೆ ಅಂತೀರಾ?

ಧಾರವಾಡ_ಪೇಡಾ:

ಅಯ್ಯೋ, ನಾನು ಇದನ್ನೇ ಕೇಳಬೇಕು ಅಂತಿದ್ದೆ. ಕರಿಕೋಟು ಸರ್, 2019ರದ್ದು ಅರ್ಥವಾಯಿತು. ಅಲ್ಲಿ ಸರ್ಕಾರ ಪಾರ್ಲಿಮೆಂಟನ್ನು ಬಿಟ್ಟು ಹೋಗಿತ್ತು, ಸಿಕ್ಕಿಬಿತ್ತು. ಆದರೆ ಸರ್ಕಾರ ಪಾರ್ಲಿಮೆಂಟನ್ನು ಜೊತೆಗೇ ಕರೆದುಕೊಂಡು ಬಂದರೆ? ರುವಾಂಡಾ ವಿಷಯ ಅಲ್ಲಿ ಇಲ್ಲಿ ಓದಿದ್ದೆ. ಅದರಲ್ಲಿ ಏನಾಯಿತು?

ಇನ್ನೊಂದು ತಲೆಹರಟೆ ಪ್ರಶ್ನೆ. ಪಾರ್ಲಿಮೆಂಟು ಯಾವ ಕಾನೂನನ್ನಾದರೂ ರದ್ದು ಮಾಡಬಹುದು ಅಂದರೆ, 1947ರ ಭಾರತ ಸ್ವಾತಂತ್ರ್ಯ ಕಾಯ್ದೆಯನ್ನೂ ರದ್ದು ಮಾಡಬಹುದಾ? ನಮ್ಮ ರೂಮಿನಲ್ಲಿ ನಿನ್ನೆ ರಾತ್ರಿ ಇದರ ಮೇಲೆ ಒಂದು ಗಂಟೆ ಜಗಳ.

ಕರಿಕೋಟು:

ತಲೆಹರಟೆ ಪ್ರಶ್ನೆ ಮೊದಲು, ಅದೇ ಚೆನ್ನಾಗಿದೆ.

ಪುಸ್ತಕದ ಪ್ರಕಾರ ಮಾಡಬಹುದು. ಲಂಡನ್ನಿನ ಕೋರ್ಟು ಅದನ್ನು ಕಾನೂನು ಅಂತ ಒಪ್ಪಲೂಬಹುದು. ಆದರೆ ಇಲ್ಲಿ ನೊಣ ಕೂಡ ಅಲ್ಲಾಡಲ್ಲ. ಪ್ಯಾರಿಸ್ ಬೀದಿಯಲ್ಲಿ ಸಿಗರೇಟು ಸೇದುವುದು ಅಪರಾಧ ಅಂತ ಬ್ರಿಟನ್ ಪಾರ್ಲಿಮೆಂಟು ಕಾನೂನು ಮಾಡಬಹುದು ಅಂತ ಸಂವಿಧಾನ ಪಂಡಿತ ಐವರ್ ಜೆನ್ನಿಂಗ್ಸ್ ಉದಾಹರಣೆ ಕೊಡುತ್ತಿದ್ದರು. ಪ್ಯಾರಿಸ್ಸಿನವನು ಸೇದುತ್ತಲೇ ಇರುತ್ತಾನೆ. 1935ರಲ್ಲಿ ಪ್ರಿವಿ ಕೌನ್ಸಿಲ್ (ಬ್ರಿಟಿಷ್ ಸಾಮ್ರಾಜ್ಯದ ಮೇಲ್ಮನವಿ ಕೋರ್ಟು) ಕೂಡ ಕೆನಡಾದ ಒಂದು ಕೇಸಿನಲ್ಲಿ ಇದೇ ಅರ್ಥದ ಮಾತು ಹೇಳಿತು: ಕೊಟ್ಟದ್ದನ್ನು ವಾಪಸ್ ಕಿತ್ತುಕೊಳ್ಳಬಹುದು ಅನ್ನುವುದು ಸಿದ್ಧಾಂತ ಮಾತ್ರ, ವಾಸ್ತವಕ್ಕೂ ಅದಕ್ಕೂ ಸಂಬಂಧ ಇಲ್ಲ.

ನಮ್ಮವರು ಇನ್ನೂ ಜಾಣರು. ನಮ್ಮ ಸಂವಿಧಾನದ ಕೊನೆಯ ವಿಧಿ, 395, ತೆಗೆದು ನೋಡಿ. ಅದು ರದ್ದು ಮಾಡುವುದು ಏನನ್ನು? ಭಾರತ ಸ್ವಾತಂತ್ರ್ಯ ಕಾಯ್ದೆಯನ್ನೇ! ನೀವು ಕೊಟ್ಟ ಚೀಟಿಯ ಮೇಲೆ ನಾವು ನಿಂತಿಲ್ಲ ಅಂತ ಆ ಚೀಟಿಯನ್ನು ನಾವೇ ಹರಿದೆವು. ಲಂಡನ್ನಿನವರು ರದ್ದು ಮಾಡಿಕೊಳ್ಳಲಿ, ಇಲ್ಲಿ ಅದು ಯಾವತ್ತೋ ರದ್ದಾಗಿದೆ. ರೂಮಿನ ಜಗಳದಲ್ಲಿ ಇದನ್ನು ಹೇಳಿ, ಗೆಲ್ಲುತ್ತೀರಿ.

ಈಗ ರುವಾಂಡಾ. ಬ್ರಿಟನ್ನಿಗೆ ದೋಣಿಯಲ್ಲಿ ಬಂದು ಆಶ್ರಯ ಕೇಳಿದವರನ್ನು ರುವಾಂಡಾಕ್ಕೆ ಕಳಿಸುತ್ತೇವೆ ಅಂತ ಸರ್ಕಾರ ಹೊರಟಿತ್ತು. ಅಲ್ಲಿಂದ ಅವರನ್ನು ವಾಪಸ್ ಅಪಾಯದ ಬಾಯಿಗೇ ದಬ್ಬುವ ಸಾಧ್ಯತೆ ಇದೆ, ಸಾಕ್ಷಿ ನೋಡಿದರೆ ಅದು ಸುರಕ್ಷಿತ ಅಲ್ಲ ಅಂತ 2023ರ ನವೆಂಬರ್ 15ಕ್ಕೆ ಸುಪ್ರೀಂ ಕೋರ್ಟು ಒಮ್ಮತದಿಂದ ಹೇಳಿತು. ಆಗ ಸರ್ಕಾರ 2024ರ ಏಪ್ರಿಲ್‌ನಲ್ಲಿ ಕಾಯ್ದೆಯನ್ನೇ ತಂದಿತು. ರುವಾಂಡಾ ಸುರಕ್ಷಿತ ದೇಶ, ಕೋರ್ಟುಗಳೂ ಹಾಗೇ ಭಾವಿಸತಕ್ಕದ್ದು. ಅಂದರೆ ಹೊರಗೆ ಮಳೆ ಬರುತ್ತಿದೆಯಾ ಇಲ್ಲವಾ ಅನ್ನುವುದನ್ನು ಕೈ ಎತ್ತಿಸಿ ತೀರ್ಮಾನ ಮಾಡಿದಂತೆ. ಇಲ್ಲಿ ನಾನು ಒಗ್ಗರಣೆ ಪಕ್ಷ. ಕಾನೂನು ಬದಲಿಸುವುದು ಪಾರ್ಲಿಮೆಂಟಿನ ಹಕ್ಕು ಅನ್ನೋಣ. ಸಾಕ್ಷಿ ತೂಗಿ ಕೋರ್ಟು ಕಂಡುಕೊಂಡ ಸತ್ಯವನ್ನು ಮತ ಹಾಕಿ ತಿರುಗಿಸುವುದು ಬೇರೆಯದೇ ವಿಷಯ. 2024ರ ಜುಲೈನಲ್ಲಿ ಸರ್ಕಾರ ಬದಲಾಗಿ ಯೋಜನೆ ಕೈಬಿಟ್ಟರು, ಬಲವಂತವಾಗಿ ಒಬ್ಬರನ್ನೂ ಕಳಿಸಲಿಲ್ಲ. ಅದನ್ನು ನಿಲ್ಲಿಸಿದ್ದು ಕೋರ್ಟಲ್ಲ, ಚುನಾವಣೆ. ಇದನ್ನು ಗಮನಿಸಿ.

ಆದರೆ ಒಗ್ಗರಣೆ, ಪೂರ್ತಿ ನಿಮ್ಮ ಪಕ್ಷಕ್ಕೆ ಬರಲ್ಲ. ಬರ್ಮಾ ಆಯಿಲ್ ಆದಮೇಲೆ ತುಂಬ ನೀರು ಹರಿದಿದೆ. 1998ರ ಮಾನವ ಹಕ್ಕುಗಳ ಕಾಯ್ದೆ ಬಂತು. ಅದರಲ್ಲಿ ಒಂದು ವಿಚಿತ್ರ ಉಪಾಯ ಇದೆ. ಪಾರ್ಲಿಮೆಂಟಿನ ಕಾಯ್ದೆ ಮಾನವ ಹಕ್ಕಿಗೆ ವಿರುದ್ಧ ಇದ್ದರೆ ಕೋರ್ಟು ಅದನ್ನು ರದ್ದು ಮಾಡುವಂತಿಲ್ಲ, ವಿರುದ್ಧ ಇದೆ ಅಂತ ಬಾಯಿಬಿಟ್ಟು ಹೇಳಬಹುದು ಅಷ್ಟೇ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. 2001ರಲ್ಲಿ ಅಮೆರಿಕದ ಮೇಲಿನ ದಾಳಿ ಆದಮೇಲೆ, ಭಯೋತ್ಪಾದಕರು ಅನ್ನುವ ಅನುಮಾನ ಇರುವ ವಿದೇಶಿಯರನ್ನು ವಿಚಾರಣೆ ಇಲ್ಲದೆ ಕೂಡಿಹಾಕಬಹುದು ಅಂತ ಕಾಯ್ದೆ ಮಾಡಿದ್ದರು. ಬೆಲ್‌ಮಾರ್ಷ್ ಜೈಲಿನಲ್ಲಿ ಇಟ್ಟಿದ್ದರು. 2004ರ ಡಿಸೆಂಬರ್‌ನಲ್ಲಿ ಒಂಬತ್ತರಲ್ಲಿ ಎಂಟು ನ್ಯಾಯಾಧೀಶರು ಇದು ತಪ್ಪು ಅಂದರು. ಅದೇ ಅನುಮಾನ ಬ್ರಿಟಿಷ್ ಪ್ರಜೆಯ ಮೇಲಿದ್ದರೆ ಹೊರಗೆ, ವಿದೇಶಿಯಾದರೆ ಒಳಗೆ, ಇದೆಂಥ ನ್ಯಾಯ ಅಂತ. ಕಾಯ್ದೆ ಬೀಳಲಿಲ್ಲ. ಅಂದೇ ಯಾರನ್ನೂ ಬಿಡಲಿಲ್ಲ. ಆದರೆ ಮರು ವರ್ಷ ಮಾರ್ಚ್‌ಗೆ ಪಾರ್ಲಿಮೆಂಟೇ ಆ ಭಾಗ ಕಿತ್ತು ಬೇರೆ ಕಾಯ್ದೆ ತಂದಿತು. ಹೊಸದು ಏನೂ ಹೂವಿನ ಹಾಸಿಗೆ ಆಗಿರಲಿಲ್ಲ, ಅದು ಬೇರೆ.

ನಮ್ಮಲ್ಲಿ ಆಗಿದ್ದರೆ ಆ ಭಾಗ ಕೋರ್ಟಿನಲ್ಲೇ ಬೀಳುತ್ತಿತ್ತು. ನಮ್ಮಲ್ಲಿ ಸಂಸತ್ತು ದೊಡ್ಡದಲ್ಲ, ಸಂವಿಧಾನ ದೊಡ್ಡದು. ಅದನ್ನು ಗಟ್ಟಿ ಮಾಡಿದ ಕೇಶವಾನಂದ ಭಾರತಿ ಕೇಸು ಕಾಸರಗೋಡಿನ ಎಡನೀರು ಮಠದ್ದು, ಅಂದರೆ ಕನ್ನಡದ ಅಂಗಳದಿಂದಲೇ ಹೋದದ್ದು. 1973, ಹದಿಮೂರು ನ್ಯಾಯಾಧೀಶರು, 7-6. ತಿದ್ದುಪಡಿ ಮಾಡಿ, ಮೂಲ ರಚನೆ ಮುಟ್ಟಬೇಡಿ ಅಂತ. ಬಹುಮತದಲ್ಲಿದ್ದ ಕೆ.ಎಸ್. ಹೆಗ್ಡೆ ಕಾರ್ಕಳ ಕಡೆಯವರು. ತೀರ್ಪಿನ ಬೆನ್ನಲ್ಲೇ ಅವರನ್ನೂ ಇನ್ನಿಬ್ಬರು ಹಿರಿಯರನ್ನೂ ದಾಟಿ ಬೇರೆಯವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು, ಮೂವರೂ ರಾಜೀನಾಮೆ ಕೊಟ್ಟರು. ಬರೆದ ಸಂವಿಧಾನ ಇದ್ದರೆ ಎಲ್ಲಾ ಭದ್ರ ಅಂತಲೂ ಅಲ್ಲ ಅಂತ ಹೇಳಕ್ಕೆ ಇದನ್ನು ಸೇರಿಸಿದೆ.

ಹಳೇ_ಮೇಷ್ಟ್ರು:

ನಡುವೆ ಬಾಯಿ ಹಾಕುತ್ತೇನೆ. ಎಲ್ಲರೂ ಬ್ರಿಟನ್ ಬ್ರಿಟನ್ ಅನ್ನುತ್ತಿದ್ದೀರಿ. ಈ ಪರಮಾಧಿಕಾರ ಇಂಗ್ಲೆಂಡಿನ ಸರಕು, ಸ್ಕಾಟ್ಲೆಂಡಿನ ಕಾನೂನಿನಲ್ಲಿ ಇದಕ್ಕೆ ಜೋಡಿ ಇಲ್ಲ ಅಂತ 1953ರಲ್ಲೇ ಅಲ್ಲಿನ ನ್ಯಾಯಾಧೀಶ ಲಾರ್ಡ್ ಕೂಪರ್ ಹೇಳಿದ್ದರು. ಕೇಸು ಹುಟ್ಟಿದ್ದು ಎಲ್ಲಿಂದ ಅಂದರೆ, ಹೊಸ ರಾಣಿಯ ಹೆಸರಿನ ಮುಂದಿನ "ಎರಡನೇ" ಅನ್ನುವ ಪದದಿಂದ. ಮೊದಲನೇ ಎಲಿಜಬೆತ್ ಇಂಗ್ಲೆಂಡಿಗೆ ರಾಣಿ, ನಮಗಲ್ಲ, ಹಾಗಾದರೆ ಇವಳು ನಮಗೆ ಎರಡನೆಯವಳು ಹೇಗೆ ಅಂತ ಸ್ಕಾಟ್ಲೆಂಡಿನವರ ತಕರಾರು. ಎಡಿನ್‌ಬರಾದಲ್ಲಿ ಆ ಅಕ್ಷರ ಇದ್ದ ಒಂದು ಅಂಚೆ ಡಬ್ಬಿಯನ್ನೇ ಸ್ಫೋಟಿಸಿದ್ದರು. ಕೇಸು ಸೋತಿತು, ಆದರೆ ಆ ಸಾಲು ಮಾತ್ರ ಪಠ್ಯಪುಸ್ತಕಕ್ಕೆ ಸೇರಿತು. 2019ರಲ್ಲಿ ಕೂಡ, ಮುಂದೂಡಿಕೆ ಕೋರ್ಟಿನ ವಿಷಯವೇ ಅಲ್ಲ ಅಂತ ಇಂಗ್ಲೆಂಡಿನ ಹೈಕೋರ್ಟು ಕೈ ತೊಳೆದುಕೊಂಡಾಗ, ಕಾನೂನುಬಾಹಿರ ಅಂತ ಮೊದಲು ಹೇಳಿದ್ದು ಸ್ಕಾಟ್ಲೆಂಡಿನ ಕೋರ್ಟೇ. ಉತ್ತರದಲ್ಲಿ ಇದೊಂದು ಸಾಲು ಹಾಕಮ್ಮ, ಅಂಕ ಕೊಡದಿದ್ದರೆ ನನ್ನ ಕೇಳು.

ಥೇಮ್ಸ್_ದಂಡೆ:

ಮೇಷ್ಟ್ರೇ 🙏

ಒಗ್ಗರಣೆಗೆ ಒಂದು ಪ್ರಶ್ನೆ. ಪಾರ್ಲಿಮೆಂಟು ಕೋರ್ಟಿನ ಕೆಲಸಕ್ಕೆ ಕೈ ಹಾಕುವುದು ಯಾವಾಗಲೂ ತಪ್ಪಾ? ಪೋಸ್ಟ್ ಆಫೀಸ್ ವಿಷಯ ಕೇಳಿರಬೇಕು. ಹೊರೈಜನ್ ಅನ್ನುವ ಕಂಪ್ಯೂಟರ್ ವ್ಯವಸ್ಥೆ ತಪ್ಪು ಲೆಕ್ಕ ತೋರಿಸಿತು. ಅದನ್ನೇ ಸಾಕ್ಷಿ ಮಾಡಿ ವರ್ಷಗಟ್ಟಲೆ ಸಣ್ಣ ಸಣ್ಣ ಅಂಚೆ ಕಚೇರಿ ನಡೆಸುವವರ ಮೇಲೆ ಕಳ್ಳತನ, ವಂಚನೆ ಅಂತ ಕೇಸು. 900ಕ್ಕೂ ಹೆಚ್ಚು ಜನ ಅಪರಾಧಿಗಳಾದರು, ಕೆಲವರು ಜೈಲಿಗೂ ಹೋದರು. ಅವರಲ್ಲಿ ನಮ್ಮ ಕಡೆಯ ಮೂಲದವರೂ ಬಹಳ, ಇಲ್ಲಿ ಮೂಲೆ ಅಂಗಡಿ ಜೊತೆ ಅಂಚೆ ಕೌಂಟರ್ ನಡೆಸುವ ಭಾರತೀಯರು ಎಲ್ಲಾ ಊರಲ್ಲೂ ಸಿಗುತ್ತಾರೆ. 2021ರಲ್ಲಿ ಮೇಲ್ಮನವಿ ಕೋರ್ಟು ಒಂದೇ ದಿನ 39 ಜನರ ಶಿಕ್ಷೆ ರದ್ದು ಮಾಡಿತು. ಉಳಿದವರು? ಒಬ್ಬೊಬ್ಬರಾಗಿ ಹೋಗುತ್ತಾ ಕೂತರೆ ಆಯುಷ್ಯ ಮುಗಿಯುತ್ತಿತ್ತು. ಕೊನೆಗೆ 2024ರ ಮೇ ತಿಂಗಳಲ್ಲಿ ಪಾರ್ಲಿಮೆಂಟು ಕಾಯ್ದೆ ಮಾಡಿ ನೂರಾರು ಶಿಕ್ಷೆಗಳನ್ನು ಒಂದೇ ಏಟಿಗೆ ಅಳಿಸಿತು.

ಅಧಿಕಾರ ವಿಭಜನೆಯ ಪ್ರಕಾರ ಇದು ಮಹಾ ತಪ್ಪು. ಯಾರು ಅಪರಾಧಿ, ಯಾರಲ್ಲ ಅನ್ನುವುದು ಕೋರ್ಟಿನ ಕೆಲಸ. ಆದರೆ ಆ ಜನರ ಮುಖ ಟಿವಿಯಲ್ಲಿ ನೋಡಿದ ಮೇಲೆ ತತ್ವ ಮಾತಾಡಕ್ಕೆ ನನಗೆ ಬಾಯಿ ಬರಲ್ಲ.

ಒಗ್ಗರಣೆ:

ಒಪ್ಪಿದೆ, ಆ ಜನಕ್ಕೆ ನ್ಯಾಯ ಸಿಗಬೇಕಿತ್ತು. ಆದರೆ ನೀವೇ ನೋಡಿ, ರುವಾಂಡಾ ಕಾಯ್ದೆ ಏಪ್ರಿಲ್ 25, ಇದು ಮೇ 24. ಒಂದೇ ತಿಂಗಳ ಅಂತರ, ಅದೇ ಪಾರ್ಲಿಮೆಂಟು, ಅದೇ ಬಹುಮತ. ಎರಡರಲ್ಲೂ ಕೋರ್ಟು ಹೇಳಿದ್ದನ್ನು ಮತ ಹಾಕಿ ತಿರುಗಿಸಿದರು. ಒಂದು ನಿಮಗೆ ಇಷ್ಟ, ಒಂದು ಇಷ್ಟ ಇಲ್ಲ. ಅಷ್ಟೇ ವ್ಯತ್ಯಾಸ. ಒಳ್ಳೆ ಮನಸ್ಸಿದ್ದಾಗ ವರ, ಕೆಟ್ಟ ಮನಸ್ಸಿದ್ದಾಗ ಶಾಪ ಕೊಡುವ ದೂರ್ವಾಸನ ಹಾಗೆ. ಅಂಥ ಕೈಯಲ್ಲಿ ನನ್ನ ಹಕ್ಕು ಇಡಕ್ಕೆ ನನಗೆ ಧೈರ್ಯ ಇಲ್ಲ.

ಕರಿಕೋಟು:

ಅಷ್ಟೇ ವ್ಯತ್ಯಾಸ ಅಲ್ಲ. ಪೋಸ್ಟ್ ಆಫೀಸ್ ಕಾಯ್ದೆ ರಾಜ್ಯದ ಕೈಯಿಂದ ಜನರನ್ನು ಬಿಡಿಸಿತು. ರುವಾಂಡಾ ಕಾಯ್ದೆ ಜನರನ್ನು ರಾಜ್ಯದ ಕೈಗೆ ಒಪ್ಪಿಸಿ, ಕೇಳುವ ಬಾಗಿಲು ಮುಚ್ಚಹೊರಟಿತು. ನನಗೆ ಮುಖ್ಯ ಅನಿಸುವುದು ಆ ಬಾಗಿಲು. 2005ರಲ್ಲಿ ನರಿ ಬೇಟೆ ನಿಷೇಧದ ಕಾಯ್ದೆ ಮೇಲೆ ಒಂದು ಕೇಸು ಬಂತು, ಜಾಕ್ಸನ್ ಅಂತ. ಬೇಟೆಗಾರರು ಸೋತರು, ಕಾಯ್ದೆ ಉಳಿಯಿತು. ಆದರೆ ತೀರ್ಪಿನಲ್ಲಿ ಕೆಲವು ನ್ಯಾಯಾಧೀಶರು ಪಕ್ಕಕ್ಕೆ ಒಂದು ಮಾತು ಬರೆದಿಟ್ಟರು: ಸರ್ಕಾರದ ಕೆಲಸವನ್ನು ಪರಿಶೀಲಿಸುವ ಕೋರ್ಟಿನ ಅಧಿಕಾರವನ್ನೇ ಪಾರ್ಲಿಮೆಂಟು ಕಿತ್ತುಹಾಕಲು ಹೊರಟರೆ, ಆಗ ಪರಮಾಧಿಕಾರದ ಬಗ್ಗೆ ನಾವೂ ಮತ್ತೆ ಯೋಚಿಸಬೇಕಾದೀತು ಅಂತ. ತೀರ್ಪಿಗೆ ಬೇಕಾದ ಮಾತಲ್ಲ, ಯಾರನ್ನೂ ಕಟ್ಟಿಹಾಕಲ್ಲ. ಗೋಡೆಗೆ ಒರಗಿಸಿಟ್ಟ ದೊಣ್ಣೆ ಅನ್ನಿ. ಈವರೆಗೆ ಯಾವ ಕೋರ್ಟೂ ಅದನ್ನು ಎತ್ತಿಲ್ಲ.

ಪೇಡಾ, ಪರೀಕ್ಷೆಗೆ ಒಂದು ಕಿವಿಮಾತು. ಮಿಲ್ಲರ್ ಹೆಸರಿನ ಕೇಸು ಎರಡಿವೆ. 2017ರದ್ದು ಒಕ್ಕೂಟ ಬಿಡುವ ನೋಟಿಸ್ ಕೊಡಲು ಪಾರ್ಲಿಮೆಂಟಿನ ಕಾಯ್ದೆ ಬೇಕು ಅಂದದ್ದು, 8-3. 2019ರದ್ದು ಮುಂದೂಡಿಕೆಯದು, 11-0. ಹೋದ ವರ್ಷ ನನ್ನ ಜೂನಿಯರ್ ಒಬ್ಬ ಎರಡನ್ನೂ ಕಲಸಿ ಬರೆದು ಬಂದಿದ್ದ.

ಧಾರವಾಡ_ಪೇಡಾ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಧೈರ್ಯ ಮಾಡಿ ಇವತ್ತು ಸ್ಟಾಫ್ ರೂಮಿಗೆ ಹೋಗಿದ್ದೆ. "ಯಾರ ತೀರ್ಮಾನ" ಅಂತ ಬರೆದಿದ್ದಿರಲ್ಲ ಸರ್, ಪ್ರಧಾನಿಯ ತೀರ್ಮಾನ, ಪಾರ್ಲಿಮೆಂಟಿನದಲ್ಲ ಅಂತ ಹೇಳಿದೆ. 395ನೇ ವಿಧಿಯನ್ನೂ ತುರುಕಿದೆ, ನಕ್ಕರು. ಅಂಕ ಮಾತ್ರ ಬದಲಾಗಲಿಲ್ಲ.

ಹೊರಡುವಾಗ ಕರೆದು ಕೇಳಿದರು: ಸರಿ, ಹಾಗಾದರೆ ರುವಾಂಡಾ ಕಾಯ್ದೆ ಯಾರ ತೀರ್ಮಾನ? ಪಾರ್ಲಿಮೆಂಟಿನದು ಸರ್ ಅಂದೆ. "ನಿಜವಾಗಿ?" ಅಂದರು. ಒಗ್ಗರಣೆಯವರ 95 ಮಂತ್ರಿಗಳು ನೆನಪಾಗಿ ಬಾಯಿ ಕಟ್ಟಿಹೋಯಿತು. ಸೋಮವಾರ ಬರೆದುಕೊಂಡು ಬಾ ಅಂದಿದ್ದಾರೆ.